ಗದ್ದೆ ಹೋಗಿ ತೋಟ ಬಂತು, ಯಾರ ಪೇಟೆಗೆ?

ಶಿರಸಿ ಸೀಮೆ: ಬನವಾಸಿ ಸುತ್ತ ಭತ್ತದ ಗದ್ದೆಗಳಲ್ಲಿ ಈಗ ಅನಾನಸು, ಶುಂಠಿ, ಅಡಿಕೆ ಸಸಿ. ಅನಾನಸು ದೆಹಲಿಗೆ ಲಾರಿ ಹತ್ತುತ್ತದೆ, ನಾವು ಅಂಗಡಿಯಿಂದ ಅಕ್ಕಿ ತರುತ್ತೇವೆ. ನಮ್ಮ ನೆಲದಲ್ಲಿ ಏನು ಬೆಳೆಯಬೇಕು ಅಂತ ಯಾವುದೋ ಊರಿನ ಪೇಟೆ ಹೇಳೋದು ಸರಿಯಾ?

ತೋಟಿಗ: ಇದು ಇವತ್ತಿನ ಕಥೆ ಅಲ್ಲ ಮಾರಾಯ್ರೇ. ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಅಂತ ಸುಮ್ನೆ ಹೆಸರಿಟ್ಟರಾ? ನಾಟಿಗೆ ಆಳು ಸಿಗೋದಿಲ್ಲ, ಸಿಕ್ಕರೆ ಕೂಲಿಯೂ ಹುಟ್ಟೋದಿಲ್ಲ. ಅಡಿಕೆ ಬೇಡ ಅನ್ನೋರು ಒಂದು ವರ್ಷ ಗದ್ದೆ ಮಾಡಿ ನೋಡಲಿ.

ಬೆಟ್ಟದಂಚು: ತೋಟದ ಲೆಕ್ಕ ಬೇಲಿಯೊಳಗೆ ಮುಗಿಯೋದಿಲ್ಲ. ಬ್ರಿಟಿಷರ ಕಾಲದಿಂದ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದ್ರೆ ತೋಟಕ್ಕೆ ಸೊಪ್ಪು ತರೋಕೆ ಬಿಟ್ಟ ಕಾಡು. ಹಸಿ ಸೊಪ್ಪು, ದರಕು (ಒಣ ಎಲೆ) ಎಲ್ಲ ಅಲ್ಲಿಂದಲೇ. ಚಾಲಿ ಅಡಿಕೆಯಾದರೆ ಹಣ್ಣಡಿಕೆ ಕೊಯ್ದು ಅಂಗಳದಲ್ಲಿ ಹರವಿದರಾಯ್ತು, ಬಿಸಿಲು ಪುಕ್ಕಟೆ. ಕೆಂಪಡಿಕೆಗೆ ಹಸಿಯಿದ್ದಾಗಲೇ ಕೊಯ್ದು, ಸುಲಿದು, ಹಂಡೆಯಲ್ಲಿ ಬೇಯಿಸಬೇಕು. ಆ ಒಲೆಗೆ ಕಟ್ಟಿಗೆ ಎಲ್ಲಿಂದ? ಉತ್ತರದ ವ್ಯಾಪಾರಿ ಚಾಲಿ ಕೇಳಿದನೋ ಕೆಂಪು ಕೇಳಿದನೋ ಅನ್ನೋದರ ಮೇಲೆ ನಮ್ಮ ಬೆಟ್ಟದ ಹಣೆಬರಹ.

ಶಿರಸಿ ಸೀಮೆ: ಗ್ಯಾಸ್ ಒಲೆಗೆ ಬದಲಾದವರೂ ಇದ್ದಾರೆ ಬಿಡಿ.

ಬೆಟ್ಟದಂಚು: ಇದ್ದಾರೆ. ಸಿಲಿಂಡರ್ ಬಿಲ್ ಅಡಿಕೆ ರೇಟಿಗೆ ಸೇರತ್ತಾ?

ಗಜನಿಯವಳು: ಘಟ್ಟದ ಕೆಳಗೂ ಸ್ವಲ್ಪ ನೋಡಿ. ಕುಮಟಾದ ಮಾಣಿಕಟ್ಟಾ ಕಡೆ, ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದ್ರೆ ಉಪ್ಪುನೀರು ಬರೋ ತಗ್ಗಿನ ಗದ್ದೆಯಲ್ಲಿ, ಕಗ್ಗ ಬೆಳೀತಿದ್ರು. ಉಪ್ಪು ತಡೆಯುವ ಭತ್ತ, ಗೊಬ್ಬರ ಹಾಕೋದೇ ಬೇಡ. ಕೊಯ್ಲಾದ ಮೇಲೆ ಒಡ್ಡಿನ ಬಾಗಿಲು ತೆಗೆದರೆ ಮೀನು, ಸಿಗಡಿ ತಾವಾಗೇ ಬರೋವು. ಆಮೇಲೆ ಹೊರದೇಶಕ್ಕೆ ಸಿಗಡಿ ಕಳಿಸೋ ಆಸೆಗೆ ವರ್ಷವಿಡೀ ಉಪ್ಪುನೀರು ನಿಲ್ಲಿಸಿದ ಗಜನಿಗಳು ಎಷ್ಟೋ. 90ರ ದಶಕದ ನಡುವೆ ಬಿಳಿಚುಕ್ಕೆ ರೋಗ ಬಂತು. ಸಿಗಡಿ ಸತ್ತವು, ಸಾಲ ಉಳಿಯಿತು. ತೋಟಿಗಣ್ಣ, ನೀವು ಬೇಕಾದ್ರೆ ಅಡಿಕೆ ಕಿತ್ತು ಬೇರೆ ಹಾಕಬಹುದು. ಗಜನಿಗೆ ಎಲ್ಲರಿಗೂ ಸೇರಿ ಒಂದೇ ಒಡ್ಡು. ಪಕ್ಕದವನು ಸಿಗಡಿ ಬಿಟ್ಟಿರುವಾಗ ನನ್ನ ತುಂಡಿಗೆ ಮಾತ್ರ ಉಪ್ಪು ಬರಬೇಡ ಅನ್ನೋಕಾಗತ್ತಾ?

ತೋಟಿಗ: ಹಾಗಾದ್ರೆ ಸಿಗಡಿಯ ದುಡ್ಡು ಬೇಡ್ವಾ ಅಕ್ಕಾ?

ಗಜನಿಯವಳು: ಬರಲಿ, ಬೇಡ ಅಂದವರ್ಯಾರು? ಒಡ್ಡು ಒಡೆದಾಗ ಕಟ್ಟೋ ಖರ್ಚನ್ನೂ ತಿನ್ನೋರು ಕೊಡಲಿ. ಕಗ್ಗದ ಅಕ್ಕಿಗೆ ಮಾತ್ರ ಎಲ್ಲರೂ ಸೊಸೈಟಿ ಅಕ್ಕಿ ರೇಟು ಕೇಳ್ತಾರೆ.

ಕಾರವಾರದವ: ನಮ್ಮ ಭಾನುವಾರದ ಸಂತೆಗೆ ತನ್ನಿ, ನಾನಂತೂ ತಗೊಳ್ತೇನೆ. ಕೆಂಪಕ್ಕಿ ಗಂಜಿಗೆ ಬಂಗಡೆ ಇದ್ರೆ ಸಾಕು. ಕಿಲೋ ಎಷ್ಟು, ಮೊದಲು ಅದು ಹೇಳಿ.