ಮೆತ್ತಗೆ ಹೇಳವ್ವ, ನಂಗೆ ಕಿವಿ ಕೇಳುತ್ತೆ

ಎಲ್ಲರಿಗೂ ವಂದನೆ. ಪುಟ್ಟಿ, ನಾನು ದೊಡ್ಡಮ್ಮ. ರಾತ್ರಿ ನೀನು ಗ್ರೂಪಿನಲ್ಲಿ ಹಾಕಿದ್ದನ್ನು ಬೆಳಗ್ಗೆ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮಧ್ಯಾಹ್ನ ಆಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕೇಳಿಸಿಕೋ.

ನಿನ್ನ ಬಾಲ್ಕನಿ ಕುಂಡದ ನೀರು ಕೆಳಗಿನ ಮನೆಯವರ ಬಟ್ಟೆ ಮೇಲೆ ಸೋರಿತು. ಅವರು ಲಿಫ್ಟಿನ ಹತ್ತಿರ, ನಾಲ್ಕು ಜನರ ಮುಂದೆ, 'ಬುದ್ಧಿ ಇಲ್ವಾ, ಎಲ್ಲಿಂದ ಬರ್ತೀರೋ' ಅಂತ ಕೂಗಾಡಿದರು. ನೀನು ಮಾತಾಡದೆ ಮೇಲೆ ಬಂದು ಅತ್ತೆ. ಇಷ್ಟು ತಾನೇ? ಅದಕ್ಕೆ ನಿನ್ನ ಅಣ್ಣ 'ಇನ್ನೊಂದು ಕೆನ್ನೆ ತೋರಿಸು' ಅಂತ ಬರೆದು ನಗುವ ಮುಖ ಹಾಕಿದ್ದಾನೆ. ಅವನಿಗೆ ಆಮೇಲೆ ಬೇರೆ ಹೇಳುತ್ತೇನೆ. 'ಕ್ರೈಸ್ತರು ಅಂದರೆ ಬಾಯಿ ಮುಚ್ಚಿಕೊಂಡೇ ಇರಬೇಕಾ' ಅಂತ ನೀನು ಕೇಳಿದ್ದೀಯಲ್ಲ, ಅದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಆ ಕೆನ್ನೆಯ ಮಾತು ಹೇಳಿದ ಯೇಸುಸ್ವಾಮಿಗೇ ಒಬ್ಬ ಹೊಡೆದನಲ್ಲ, ಆಗ ಏನು ಮಾಡಿದರು ನೋಡು. ಬೈಬಲಿನಲ್ಲಿ ಯೋಹಾನ 18, ವಚನ 22, 23. ಹೊಡೆದವನು ಅಲ್ಲಿ ನಿಂತಿದ್ದ ಒಬ್ಬ ಓಲೇಕಾರ, ಅಂದರೆ ಕಾವಲಿನವನು. ನಾನು ಆಡಿದ್ದರಲ್ಲಿ ತಪ್ಪಿದ್ದರೆ ತೋರಿಸು, ಸರಿ ಇದ್ದರೆ ಯಾಕೆ ಹೊಡೆಯುತ್ತೀ ಅಂತ ಕೇಳಿದರು. ತಿರುಗಿ ಬೈಯಲಿಲ್ಲ, ಆದರೆ ಕೇಳಿದರು. ಗಲಿಲಾಯದ ಅಧಿಪತಿ ಹೆರೋದನ ಮುಂದೆ ಒಂದು ಮಾತೂ ಆಡಲಿಲ್ಲ, ಅದೂ ಇದೆ. ಎಲ್ಲಿ ಯಾವುದು ಅಂತ ನೋಡಿಕೊಳ್ಳಬೇಕು, ಅಲ್ವಾ?

ಅಪೊಸ್ತಲ ಪೌಲನಿಗೂ ಒಂದು ಸಲ ಯೆಹೂದ್ಯರ ಮಹಾಯಾಜಕ ಬಾಯಿಗೆ ಹೊಡೆಸಿದ. ಪೌಲನಿಗೆ ಸಿಟ್ಟು ತಡೆಯಲಿಲ್ಲ. 'ಸುಣ್ಣ ಬಳಿದ ಗೋಡೆ' ಅಂತ ಬೈದೇಬಿಟ್ಟ. ಆಮೇಲೆ, ಇವನು ಮಹಾಯಾಜಕ ಅಂತ ಗೊತ್ತಿರಲಿಲ್ಲ ಅಂತ ಅಲ್ಲೇ ಹೇಳಿದ. ಅಪೊಸ್ತಲನೇ ಹೀಗಾದರೆ ನಾವು ಯಾವ ಲೆಕ್ಕ.

ನನಗೆ ಜಾಸ್ತಿ ಕಾಡುವುದು ದಾವೀದ ರಾಜ. ಸ್ವಂತ ಮಗನಿಗೆ ಹೆದರಿ ಊರು ಬಿಟ್ಟು ಹೋಗುತ್ತಿದ್ದಾನೆ. ದಾರಿಯಲ್ಲಿ ಶಿಮ್ಮೀ ಅನ್ನುವವನು ಕಲ್ಲು ಎಸೆಯುತ್ತಾ, ಮಣ್ಣು ತೂರುತ್ತಾ, ಬೈಯುತ್ತಾ ಪಕ್ಕದಲ್ಲೇ ಬರುತ್ತಾನೆ. ಈ ಸತ್ತ ನಾಯಿಯ ತಲೆ ಹಾರಿಸಿ ಬರಲಾ ಅಂತ ದಾವೀದನ ಜೊತೆಗಿದ್ದ ಯೋಧ ಅಬೀಷೈ ಕೇಳುತ್ತಾನೆ. ಬೇಡ, ಬೈಯಲಿ ಬಿಡು ಅನ್ನುತ್ತಾನೆ ದಾವೀದ. ಪ್ರಸಂಗದಲ್ಲಿ ಇಲ್ಲಿಗೇ ನಿಲ್ಲಿಸಿ, ಎಂಥ ತಾಳ್ಮೆ ನೋಡಿ ಅನ್ನುತ್ತಾರೆ. ಮುಂದೆ ಓದು ಪುಟ್ಟಿ. ಆಮೇಲೆ ಆ ಶಿಮ್ಮೀ ಬಂದು ಕಾಲಿಗೆ ಬಿದ್ದಾಗ, ನಿನ್ನನ್ನು ಕೊಲ್ಲುವುದಿಲ್ಲ ಅಂತ ದಾವೀದ ಆಣೆ ಮಾಡಿದ. ಸಾಯುವ ಹೊತ್ತಿಗೆ ಮಗ ಸೊಲೊಮೋನನನ್ನು ಕರೆದು, ಅವನನ್ನು ಸುಮ್ಮನೆ ಬಿಡಬೇಡ ಅಂತ ಹೇಳಿಹೋದ. 1ನೇ ಅರಸುಗಳು 2ರಲ್ಲಿದೆ. ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ!

ನಮ್ಮ ಮನೆ ಹೆಂಗಸರ ತಾಳ್ಮೆ ಬಹಳ ಸಲ ಇದೇ ಥರದ್ದು. ಒಂದು ಮದುವೆಯಲ್ಲಿ ನಮ್ಮಮ್ಮನನ್ನು ಸರಿಯಾಗಿ ಊಟಕ್ಕೆ ಕರೆಯಲಿಲ್ಲ. ಅಮ್ಮ ಚಕಾರ ಎತ್ತಲಿಲ್ಲ. ಎಲ್ಲರೂ ಹೊಗಳಿದರು. ಇಪ್ಪತ್ತು ವರ್ಷ ಆದಮೇಲೂ ಆ ಸಾಂಬಾರಿನ ಹಂಡೆ ಎಲ್ಲಿತ್ತು ಅಂತ ಅವರಿಗೆ ನೆನಪಿತ್ತು. ಬ್ಯಾಂಕಿನವಳಾಗಿ ನಾನು ಅದಕ್ಕೆ ಫಿಕ್ಸೆಡ್ ಡೆಪಾಸಿಟ್ ಅಂತ ಹೆಸರಿಟ್ಟಿದ್ದೆ.

ಬ್ಯಾಂಕ್ ಅಂದಾಗ ನೆನಪಾಯಿತು. ಇದನ್ನು ನಿಮ್ಮ ದೊಡ್ಡಪ್ಪನಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಪಿಂಚಣಿ ದಿನ, ಕೌಂಟರಿನ ಮುಂದೆ ದೊಡ್ಡ ಕ್ಯೂ. ಒಬ್ಬ ವಯಸ್ಸಾದ ಹೆಂಗಸು ಫಾರಂ ತಪ್ಪು ತುಂಬಿಸಿಕೊಂಡು ಮೂರನೇ ಸಲ ಬಂದರು. 'ಎಷ್ಟು ಸಲ ಹೇಳೋದು ನಿಮಗೆ' ಅಂತ ಕಿರುಚಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ಆಕೆ ಸಿಟ್ಟಾಗಲಿಲ್ಲ, ಕಣ್ಣಲ್ಲಿ ನೀರೂ ಹಾಕಲಿಲ್ಲ. 'ಮೆತ್ತಗೆ ಹೇಳವ್ವ, ನಂಗೆ ಕಿವಿ ಕೇಳುತ್ತೆ' ಅಂದರು. ನನ್ನ ಮುಖ ಎಲ್ಲಿಡಲಿ ಅನ್ನಿಸಿತು. ನಾನೇ ಫಾರಂ ತುಂಬಿಕೊಟ್ಟೆ.

ಬೈಯುವವರಿಗೆಲ್ಲ ಒಳಗೆ ಏನೋ ದುಃಖ ಇರುತ್ತದೆ, ಅದಕ್ಕೆ ಕನಿಕರ ಪಡಬೇಕು ಅನ್ನುತ್ತಾರೆ. ಅವತ್ತು ನನಗೆ ಜ್ವರವೂ ಇರಲಿಲ್ಲ, ಮನೆಯಲ್ಲಿ ಜಗಳವೂ ಇರಲಿಲ್ಲ. ಸುಮ್ನೆ ಕೊಬ್ಬು. ಆದರೂ ಆಕೆ ನನ್ನನ್ನು 'ಅವ್ವ' ಅಂದರು. ಕೆಳಗಿನ ಮನೆಯವರಿಗೆ ಏನು ಕಷ್ಟವೋ ಅಂತ ನೀನು ತಲೆ ಕೆಡಿಸಿಕೊಳ್ಳಬೇಡ. ಕಷ್ಟ ಇಲ್ಲದೆಯೂ ಇರಬಹುದು.

ಒಂದು ಮಾತು, ಇದು ಎಲ್ಲರಿಗೂ. ನಾನು ಹೇಳುತ್ತಿರುವುದು ಬೀದಿಯಲ್ಲಿ, ಲಿಫ್ಟಿನಲ್ಲಿ ಆಗುವ ಒರಟುತನದ ವಿಷಯ. ಮನೆಯಲ್ಲಿ ದಿನಾ ಹೊಡೆಸಿಕೊಳ್ಳುವವಳಿಗೆ ಯಾರಾದರೂ ಈ ಕೆನ್ನೆಯ ವಚನ ಹೇಳಿದರೆ ಅವರ ಮಾತು ಕೇಳಬೇಡಿ. ಆಕೆ ಅಲ್ಲಿಂದ ಹೊರಗೆ ಬರಬೇಕು, ನಾವು ಜೊತೆಗೆ ನಿಲ್ಲಬೇಕು.

ಪುಟ್ಟಿ, ಮೊದಲು ಕುಂಡಗಳ ಕೆಳಗೆ ತಟ್ಟೆ ಇಡು. ನೀರು ಸೋರಿದ್ದು ನಿನ್ನ ತಪ್ಪೇ. ಸಂಜೆ ಕೆಳಗೆ ಹೋಗಿ ಅದನ್ನು ಒಪ್ಪಿಕೋ. ಆಮೇಲೆ, 'ಅಂಕಲ್, ಎಲ್ಲರ ಮುಂದೆ ಹಾಗೆ ಕೂಗಿದ್ದು ನನಗೆ ಬೇಜಾರಾಯಿತು, ಇನ್ನು ಏನಿದ್ದರೂ ಬಂದು ಬೆಲ್ ಮಾಡಿ' ಅನ್ನು. ಅವರು ಮುಖ ತಿರುಗಿಸಿದರೆ ತಿರುಗಿಸಲಿ. ಹೊತ್ತು ಮುಳುಗುವ ಮುಂಚೆ ಸಿಟ್ಟು ಬಿಡಿ ಅಂತ ಬೈಬಲಿನ ಎಫೆಸದವರಿಗೆ ಬರೆದ ಪತ್ರದಲ್ಲಿದೆ, ನಿನ್ನದು ಆಗಲೇ ಒಂದು ರಾತ್ರಿ ಕಳೆದಿದೆ. ಒಬ್ಬಳೇ ಹೋಗಲು ಹಿಂಜರಿಕೆ ಆದರೆ ಗಂಡನನ್ನು ಕರೆದುಕೊಂಡು ಹೋಗು. ಆದರೆ ಅವನು ಅಬೀಷೈ ಥರದವನು, ಮೆಟ್ಟಿಲ ಹತ್ತಿರವೇ ನಿಲ್ಲಿಸು. ಏನಾಯಿತು ಅಂತ ರಾತ್ರಿ ಫೋನ್ ಮಾಡು.