ಆಯಿಯ ವರ್ಷದ ಸ್ಮರಣೆಗೆ ಪುಸ್ತಕ ಮಾಡಬೇಕು, ಏನು ಬರೆಯಲಿ?

ಹುನಗುಂದದ ಮೊಮ್ಮಗ

ಎಲ್ಲರಿಗೂ ಶರಣು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹೋದ ಯುಗಾದಿ ಆದ ಮೇಲೆ ಲಿಂಗೈಕ್ಯಳಾದಳು. ತೊಂಬತ್ತರ ಆಸುಪಾಸು ಅನ್ನುವುದಷ್ಟೇ ಗೊತ್ತು. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತ ಇದೆ, ಅದು ಬರೆದುಕೊಂಡವರು ಹಾಕಿದ್ದು. ವರ್ಷದ ಸ್ಮರಣೆಗೆ ಸಣ್ಣ ಪುಸ್ತಕ ಅಚ್ಚು ಹಾಕಿಸಿ ಬಂದವರಿಗೆ ಕೊಡೋಣ ಅಂತ ಮನೆಯಲ್ಲಿ ಮಾತಾಗಿದೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಕಾಕಾ ಬರೆದುಕೊಟ್ಟ ಹಾಳೆಯಲ್ಲಿ 'ಸಾಧ್ವಿ', 'ಕರುಣಾಮಯಿ', 'ದಾಸೋಹಮೂರ್ತಿ' ಎಲ್ಲಾ ಇದೆ. ಯಾವುದೂ ಸುಳ್ಳಲ್ಲ. ಆದರೆ ಓದಿದರೆ ನಮ್ಮ ಆಯಿ ಕಣ್ಣಿಗೆ ಬರುವುದಿಲ್ಲ.

ನಾನು ಕಂಡ ಆಯಿ ಬೇರೆ. ಶಿವರಾತ್ರಿ ಮುಗಿಯಿತೆಂದರೆ ನಮ್ಮೂರ ದಾರಿಯಲ್ಲಿ ಶ್ರೀಶೈಲಕ್ಕೆ ನಡೆದು ಹೋಗುವವರು ಶುರುವಾಗುತ್ತಾರೆ. ಯುಗಾದಿಗೆ ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ಮುಂದೆ ಇರಬೇಕು ಅಂತ ಕಂಬಿ ಹೊತ್ತು ಬರುವವರು. ಆಯಿ ಅವರನ್ನು ಕಟ್ಟೆ ಮೇಲೆ ಕೂರಿಸಿ, ಪರಾತದಲ್ಲಿ ಬಿಸಿನೀರು, ಉಪ್ಪು ಹಾಕಿ ಕಾಲು ತೊಳೆಯುತ್ತಿದ್ದಳು. ತನ್ನ ಸೆರಗಿನಲ್ಲೇ ಒರೆಸುತ್ತಿದ್ದಳು. ಗುಳ್ಳೆ ಎದ್ದ ಜಾಗ ಬಿಟ್ಟು ಸುತ್ತಲೂ ಹರಳೆಣ್ಣೆ ಹಚ್ಚುತ್ತಿದ್ದಳು. ಹುಡುಗರು ನಾಚಿ ಕಾಲು ಎಳೆದುಕೊಂಡರೆ ಹಿಮ್ಮಡಿ ಗಟ್ಟಿಯಾಗಿ ಹಿಡಿದು, "ಇದು ಮಲ್ಲಯ್ಯನ ಕಾಲು, ನಿಂದಲ್ಲ. ಸುಮ್ಮ ಕೂಡು" ಅನ್ನುತ್ತಿದ್ದಳು. ಆಮೇಲೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ. ಹೊರಡುವಾಗ ಒಬ್ಬರ ಕೈಗೆ ಒಂದು ಗಂಟು: ಇಳಕಲ್ ಸೀರೆ, ಕುಬಸದ ಕಣ (ರವಿಕೆ ಬಟ್ಟೆ), ಕೊಬ್ಬರಿ ಬಟ್ಟಲು, ಹಸಿರು ಬಳೆ. ಶ್ರೀಶೈಲದ ದೇವಿ ಭ್ರಮರಾಂಬೆ ನಮ್ಮ ಕಡೆಯ ಮಗಳು, ಮಲ್ಲಯ್ಯ ಅಳಿಯ ಅಲ್ವಾ? ತವರಿನಿಂದ ಉಡಿ ಹೋಗಲೇಬೇಕು.

ಇದೆಲ್ಲಾ ಅವಳ ಮುಪ್ಪಿನ ಕಾಲದ್ದು. ಅದಕ್ಕೂ ಹಿಂದಿನದನ್ನು ಹೇಗೆ ಹುಡುಕಲಿ? ಸೋದರತ್ತೆಗೆ ಎಪ್ಪತ್ತು ದಾಟಿದೆ. ಏನು ಕೇಳಿದರೂ "ಎಲ್ಲಾ ಮರ್ತೇನಪ್ಪಾ" ಅಂತಾಳೆ.

ರಾಯಚೂರಿನ ಮಾಸ್ತರು

ತಮ್ಮಾ, ಇಸವಿ ಕೇಳಬೇಡ. ಯಾರಿಗೂ ನೆನಪಿರುವುದಿಲ್ಲ. ಊರಿಗೆಲ್ಲ ಗೊತ್ತಿರುವ ಘಟನೆ ಹೇಳಿ, ಆಗ ಮನೆಯಲ್ಲಿ ಏನು ನಡೆದಿತ್ತು ಅಂತ ಕೇಳು. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರೀಜಿ ಅಡಿಗಲ್ಲು ಇಟ್ಟಿದ್ದು 1964ರಲ್ಲಿ. ಆಗ ತೊಟ್ಟಿಲಲ್ಲಿ ಯಾರಿದ್ದರು? 1972ರ ಬರದಲ್ಲಿ ಏನು ಉಂಡಿರಿ? ಹೀಗೆ.

ಆಯಿಯ ತವರು ಯಾವುದು? ಕುಷ್ಟಗಿ ಸೀಮೆಯಾದರೆ ಅದು ನಿಜಾಮರದ್ದು, ನಿಮ್ಮ ಹುನಗುಂದ ಮುಂಬಯಿ ಪ್ರಾಂತ್ಯದ್ದು. ನಿಜಾಮರ ಪರವಾಗಿದ್ದ ರಜಾಕಾರರ ದಂಡಿನ ಹಾವಳಿಯಲ್ಲಿ ಎಷ್ಟೋ ಕುಟುಂಬಗಳು ಗಡಿ ದಾಟಿ ಈಚೆ ಬಂದವು. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ನಿಜಾಮರ ಸೀಮೆ ಭಾರತಕ್ಕೆ ಸೇರಿದ ಮೇಲೆ ತಿರುಗಿ ಹೋದವರೂ ಉಂಟು, ಇಲ್ಲೇ ನಿಂತವರೂ ಉಂಟು. ಅದನ್ನು ತಪ್ಪದೇ ಕೇಳು.

ಧಾರವಾಡದ ಅಕ್ಕ

ನಿಮ್ಮ ಅತ್ತೆಗೆ ಬೀಸುವ ಪದ ಬರುತ್ತವೆಯಾ? ಕುರ್ಚಿ ಮೇಲೆ ಕೂರಿಸಿ ಹಾಡು ಅಂದರೆ ಬಾಯಿ ಬಿಡುವುದಿಲ್ಲ. ಬೀಸುಕಲ್ಲಿನ ಗೂಟ ಕೈಗೆ ಕೊಡಿ, ತಾನಾಗಿ ಬರುತ್ತವೆ. ಪದದ ಹಿಂದೆ ಮಾತೂ ಬರುತ್ತದೆ. ಫೋನಿನಲ್ಲಿ ರೆಕಾರ್ಡ್ ಹಾಕಿ ದೂರ ಇಟ್ಟುಬಿಡಿ.

ಇನ್ನೊಂದು ಮಾತು, ಬೇಜಾರಾಗಬೇಡಿ. ಅಷ್ಟು ಜನಕ್ಕೆ ರೊಟ್ಟಿ ಬಡಿದವರು ಯಾರು? ಆಯಿ ಒಬ್ಬಳೇ ಅಲ್ಲ ತಾನೇ? ಸೊಸೆಯಂದಿರ ಹೆಸರೂ ಪುಸ್ತಕದಲ್ಲಿ ಇರಲಿ.

ಹುನಗುಂದದ ಮೊಮ್ಮಗ

ಮಾಸ್ತರೇ, ನೀವು ಹೇಳಿದ ಹಾಗೇ ಕೇಳಿದೆ. ತವರು ಕುಷ್ಟಗಿ ಸೀಮೆಯೇ. ಆಯಿ ಇನ್ನೂ ಹುಡುಗಿ. ರಾತ್ರೋರಾತ್ರಿ ಚಕ್ಕಡಿಯಲ್ಲಿ ಈಚೆ ಬಂದರಂತೆ. ಗುರುತಿಲ್ಲದ ಒಂದು ಮನೆಯ ದನದ ಕೊಟ್ಟಿಗೆಯಲ್ಲಿ ಇದ್ದರು. ಆ ಮನೆಯಾಕೆ ದಿನಾ ತಮ್ಮ ಮನೆಯವರ ಜೊತೆ ಇವರಿಗೂ ರೊಟ್ಟಿ ಬಡಿಯುತ್ತಿದ್ದಳಂತೆ. ನನಗೆ ಇದೊಂದೂ ಗೊತ್ತಿರಲಿಲ್ಲ. ಆಯಿ ಮಗಳ ಹತ್ತಿರ ಮಾತ್ರ ಹೇಳಿದ್ದಳು.

ಬರದ ಮಾತು ತೆಗೆದಾಗ ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ವರ್ಷ ಮನೆಯಲ್ಲಿ ಪಡಿತರದ ಕೆಂಪು ಜೋಳ ಬಿಟ್ಟರೆ ಏನಿಲ್ಲ. ನಡೆಯುವವರು ಮಾತ್ರ ಬಂದರು. ಆಯಿ ತನ್ನ ಬೋರಮಾಳ, ಅಂದರೆ ಬಂಗಾರದ ಗುಂಡಿನ ಸರ, ಮಾರಿ ಕಾಳು ತರಿಸಿ, ಮನೆಯವರಿಗೂ ದಾರಿಯವರಿಗೂ ಒಂದೇ ಗಡಿಗೆಯಲ್ಲಿ ನುಚ್ಚು ಕುದಿಸಿದಳು. ಆ ಬೋರಮಾಳ ಅತ್ತೆಯ ಮದುವೆಗೆ ಅಂತ ಇಟ್ಟಿದ್ದು. "ನನಗ ಅವ್ವನ ಮ್ಯಾಲೆ ಈಗೂ ಸಿಟ್ಟದ. ಆದ್ರ ಅಂದು ನಾನೂ ಅದ ನುಚ್ಚು ಉಂಡೀನಿ" ಅಂದಳು. ಕಾಕಾ ಇದನ್ನು ಬರೆಯಬೇಡ ಅಂತಿದ್ದಾರೆ. ಅತ್ತೆ ಬರಿ ಅಂದಿದ್ದಾಳೆ. ಬರೆಯುತ್ತೇನೆ. ಅವಳ ಸಿಟ್ಟು ಬಿಟ್ಟರೆ ಆಯಿ ಕೊಟ್ಟಿದ್ದು ಎಂಥದ್ದು ಅಂತ ಓದುವವರಿಗೆ ಗೊತ್ತಾಗುವುದಿಲ್ಲ.

ಅಕ್ಕಾ, ನಿಮ್ಮ ಮಾತು ನಮ್ಮ ಅವ್ವನಿಗೆ ಓದಿ ಹೇಳಿದೆ. "ಶಿವರಾತ್ರಿಯಿಂದ ಯುಗಾದಿತನಕ ಒಲಿ ಆರಿಲ್ಲ, ಹೊಗಿಗೆ ಕಣ್ಣು ಹೋದವು" ಅಂದಳು. ಆಮೇಲೆ ತಾನಾಗಿಯೇ ಇಬ್ಬರು ಚಿಕ್ಕವ್ವಂದಿರ ಹೆಸರು, ರೊಟ್ಟಿಗೆ ಬರುತ್ತಿದ್ದ ಓಣಿಯ ಹೆಣ್ಣುಮಕ್ಕಳ ಹೆಸರು ಒಂದೊಂದಾಗಿ ಹೇಳುತ್ತಾ ಹೋದಳು. ಎಲ್ಲಾ ಬರೆದುಕೊಂಡಿದ್ದೇನೆ.

ಬೀಸುಕಲ್ಲು ಪಕ್ಕದ ಮನೆಯಲ್ಲಿದೆ, ಅತ್ತೆ ಒಪ್ಪಿದ್ದಾಳೆ. ಪದಗಳನ್ನು ಅಚ್ಚು ಹಾಕುವಾಗ ನಮ್ಮ ಕಡೆಯ ಮಾತು ಹಾಗೇ ಇಡಲೋ, ತಿದ್ದಲೋ?

ಧಾರವಾಡದ ಅಕ್ಕ

ಒಂದಕ್ಷರ ತಿದ್ದಬೇಡಿ. ಅತ್ತೆ ಹೇಗೆ ಅಂತಾರೋ ಹಾಗೇ ಬರೆಯಿರಿ. ಅಚ್ಚಿಗೆ ಕೊಡುವ ಮೊದಲು ಅವರಿಗೆ ಒಮ್ಮೆ ಓದಿ ಹೇಳಿ, ಬಿಟ್ಟುಹೋದ ಸಾಲು ಅವರೇ ಸೇರಿಸುತ್ತಾರೆ.