ಪದ ಬೇಕು: ಅಕ್ಯುಪಂಕ್ಚರ್ (ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ. ಒಂದು ಕ್ಲಿನಿಕ್‌ನ ಕರಪತ್ರ ಕನ್ನಡಕ್ಕೆ ಮಾಡುತ್ತಿದ್ದೇನೆ. ಸಂಜೆ ಪ್ರೆಸ್ಸಿಗೆ ಹೋಗಬೇಕು. ಪಾರ್ಕಿನ್ಸನ್, ಡಿಸ್ಟೋನಿಯಾ (ಸ್ನಾಯು ತಾನಾಗೇ ಬಿಗಿದು ತಿರುಚಿಕೊಳ್ಳುವ ಕಾಯಿಲೆ) ಇರುವವರಿಗೆ ಮಾತ್ರೆಯ ಜೊತೆ ಅಕ್ಯುಪಂಕ್ಚರ್, ಅಂದರೆ ಮೈಗೆ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ, ಕೊಡುವ ವಿಚಾರ. ‘ಸೂಜಿಮದ್ದು’ ಅನ್ನಬಹುದಾ? ಮೂವ್‌ಮೆಂಟ್ ಡಿಸಾರ್ಡರ್‌ಗೆ ‘ಚಲನೆಯ ತೊಂದರೆ’ ಅಂತ ಹಾಕಿದೆ. ನಮ್ಮತ್ತೆ ಓದಿ ‘ಮಂಡಿನೋವಾ?’ ಅಂದರು. ಕಾಂಪ್ಲಿಮೆಂಟರಿ ಥೆರಪಿಗೆ ಕ್ಲಿನಿಕ್‌ನವರೇ ‘ಪರ್ಯಾಯ ಚಿಕಿತ್ಸೆ’ ಅಂತ ಬರೆದು ಕಳಿಸಿದ್ದಾರೆ. ಸರಿಯಾ?
– ವಿ.

ಸೂಜಿ ಬಂದದ್ದು ಸಂಸ್ಕೃತದ ಸೂಚಿಯಿಂದ. ಚುಚ್ಚು ಅನ್ನೋದಕ್ಕೆ ನಮ್ಮದೇ ‘ಕುತ್ತು’ ಇದೆ. ತಮಿಳರು ಇವತ್ತಿಗೂ ಕಿವಿ ಚುಚ್ಚೋದಕ್ಕೆ ‘ಕಾದು ಕುತ್ತು’ ಅನ್ನುತ್ತಾರೆ. ‘ಕುತ್ತುಮದ್ದು’ ಅನ್ನಿ. ಚಿಕಿತ್ಸೆ ಗಿಕಿತ್ಸೆ ಬೇಡ.
– ಗಂ. ಭ.

ಸಾರ್, ‘ಪ್ರಾಣಕ್ಕೆ ಕುತ್ತು’ ಅನ್ನೋ ಜನ ಆ ಬೋರ್ಡ್ ನೋಡಿ ಒಳಗೆ ಬರುತ್ತಾರಾ? ಮೇಲೆ ಮದ್ದು ಬೇರೆ. ನಮ್ಮ ಕಡೆ ‘ಮದ್ದು ಹಾಕಿದ್ದಾರೆ’ ಅಂದರೆ ಅರ್ಥವೇ ಬೇರೆ! ವಿ. ಅವರೇ, ಸೂಜಿಮದ್ದು ಅಂದರೂ ಇಂಜೆಕ್ಷನ್ ಅಂದುಕೊಳ್ಳುತ್ತಾರೆ. ಈ ಸೂಜಿ ಕೂದಲಿನ ಹಾಗೆ ಸಣ್ಣ, ಒಳಗೆ ತೂತೇ ಇಲ್ಲ. ಮದ್ದು ಹೋಗೋದಾದರೂ ಎಲ್ಲಿಂದ? ‘ಸೂಜಿ ಚಿಕಿತ್ಸೆ’ ಸಾಕು. ಪಕ್ಕದಲ್ಲಿ ಅಕ್ಯುಪಂಕ್ಚರ್ ಅಂತಲೂ ಇರಲಿ.
– ಸೀ.

ಸೂಜಿ ಹಾಗಿರಲಿ, ‘ಪರ್ಯಾಯ’ ಮೊದಲು ತೆಗೆಯಿರಿ. ಮಾತ್ರೆ ಬಿಟ್ಟು ಸೂಜಿಗೆ ಬನ್ನಿ ಅಂತ ಓದಿಕೊಳ್ಳುತ್ತಾರೆ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ತಟ್ಟನೆ ನಿಲ್ಲಿಸಿದರೆ ಮೈ ಸೆಟೆದು, ಜ್ವರ ಏರಿ ಜೀವಕ್ಕೇ ಬರಬಹುದು. ಭಟ್ಟರ ಕುತ್ತು ಅಲ್ಲಿರೋದು. ‘ಪೂರಕ’ ಅನ್ನಿ, ಇಲ್ಲ ಸುಮ್ನೆ ‘ಮಾತ್ರೆಯ ಜೊತೆಗೆ’ ಅನ್ನಿ. ಪಾರ್ಕಿನ್ಸನ್‌ಗೆ ಸೂಜಿಯಿಂದ ಉಪಯೋಗ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಇನ್ನೂ ಇಲ್ಲ. ‘ಗುಣವಾಗುತ್ತದೆ’ ಅಂತ ಎಲ್ಲಾದರೂ ಇದ್ದರೆ ಹೊಡೆದುಹಾಕಿ. ಇನ್ನು ನಿಮ್ಮತ್ತೆಯ ಮಂಡಿನೋವು. ‘ನಡುಕ, ಬಿಗಿತದಂಥ ಮಿದುಳಿನ ತೊಂದರೆಗಳು’ ಅಂತ ಬಿಡಿಸಿ ಬರೆಯಿರಿ. ಬರೀ ‘ನಡುಕದ ಕಾಯಿಲೆ’ ಬೇಡ, ನಡುಕವೇ ಇಲ್ಲದ ಪಾರ್ಕಿನ್ಸನ್ ರೋಗಿಗಳೂ ಇದ್ದಾರೆ.
– ರಾ.

ಡಾಕ್ಟರಿಕೆ ಆಯಿತು, ಪದಕ್ಕೆ ಬನ್ನಿ. ಚೀನಿಯರು ಇದಕ್ಕೆ ‘ಜೆನ್‌ಜಿಯು’ ಅನ್ನುತ್ತಾರೆ. ಸೂಜಿ ಚುಚ್ಚೋದು, ಸೊಪ್ಪು ಸುಟ್ಟು ಶಾಖ ಕೊಡೋದು, ಎರಡೂ ಸೇರಿ ಒಂದು ಪದ. 1683ರಲ್ಲಿ ಡಚ್ ವೈದ್ಯ ವಿಲ್ಲೆಮ್ ಟೆನ್ ರೈನೆ ಇದರ ಬಗ್ಗೆ ಬರೆದಾಗ ಆ ಪದವನ್ನ ಸಾಲ ತರಲಿಲ್ಲ. ‘ಅಕುಪುಂಕ್ಟುರಾ’ ಅಂತ ಹೊಸದು ಬಳಸಿದ. ನಾವು ಮಾತ್ರ ಯಾಕೆ ಕೈಚಾಚಬೇಕು?
– ಗಂ. ಭ.

ಅದು ಡಚ್ಚಾ? ಲ್ಯಾಟಿನ್ ಅಲ್ವಾ ಸಾರ್? ಅಕುಸ್ ಅಂದರೆ ಸೂಜಿ, ಪುಂಕ್ಟುರಾ ಅಂದರೆ ಚುಚ್ಚು. ಅವನು ಲ್ಯಾಟಿನ್ನಿಂದ ತಂದ, ನಾವು ಸಂಸ್ಕೃತದಿಂದ ತಂದೆವು.
– ಸೀ.

‘ಸೂಜಿ ಚಿಕಿತ್ಸೆ (ಅಕ್ಯುಪಂಕ್ಚರ್): ಮಾತ್ರೆಯ ಜೊತೆಗೆ, ಮಾತ್ರೆಯ ಬದಲು ಅಲ್ಲ’ ಅಂತ ಮಾಡಿದೆ. ಈ ಸಲ ಅತ್ತೆ ಮಂಡಿಯ ಸುದ್ದಿ ಎತ್ತಲಿಲ್ಲ. ಪ್ರೆಸ್ಸಿಗೆ ಕಳಿಸಿಯೂ ಆಯಿತು.
– ವಿ.

ಕೇಳೋದು ಯಾಕೆ ಹಾಗಾದರೆ.
– ಗಂ. ಭ.